ಪೆಲೆಟ್ ಸ್ಟವ್‌ಗೆ ಥರ್ಮೋಸ್ಟಾಟ್ ಹಾಕಿಸಿದ ಮೇಲೆ ರಾತ್ರಿಯೆಲ್ಲ ಕಾಟ. ಯಾರಾದರೂ ದಾರಿ ತೋರಿಸಿ (ಬೆಳಗಾವಿ)

ತಂಪುಮನೆ, ಟಿಳಕವಾಡಿ | ಗುರುವಾರ ಬೆಳಿಗ್ಗೆ 6:10

ನಮಸ್ಕಾರ. ಹೋದ ತಿಂಗಳು ಒಂದು ಪೆಲೆಟ್ ಸ್ಟವ್ (ಹೊಟ್ಟು ಒತ್ತಿ ಮಾಡಿದ ಗುಳಿಗೆ ಸುಟ್ಟು ಕೋಣೆ ಬಿಸಿ ಮಾಡುವ ಒಲೆ) ತಂದಿದ್ದೇನೆ. ಸೆಕೆಂಡ್ ಹ್ಯಾಂಡ್, 6 ಕಿಲೋವ್ಯಾಟ್, ಇಟಲಿ ಮಾಲು. ಜಾಂಬೋಟಿ ಕಡೆ ಹೋಮ್‌ಸ್ಟೇ ಮುಚ್ಚಿದವರು ಮಾರಿದ್ದು. ಅವ್ವನಿಗೆ ಮಂಡಿನೋವು. ಚಳಿಗಾಲ ಬಂತೆಂದರೆ ನಿದ್ದೆ ಇಲ್ಲ. ಮೊನ್ನೆ ಬೆಳಗಿನ ಜಾವ ಹೊರಗೆ 13 ಡಿಗ್ರಿ ಇತ್ತು.

ಸ್ಟವ್ ಒಂದೇ ಇದ್ದಾಗ ಚೆನ್ನಾಗಿ ಉರಿಯುತ್ತಿತ್ತು. ಆದರೆ ಕೋಣೆ ಭಟ್ಟಿ ಆಗುತ್ತಿತ್ತು, 28ರವರೆಗೂ ಏರುತ್ತಿತ್ತು. ಅದಕ್ಕೇ ಎಸ್‌ಟಿಸಿ-1000 ಥರ್ಮೋಸ್ಟಾಟ್ ಹಾಕಿಸಿದೆ, 22ಕ್ಕೆ ಇಟ್ಟೆ. ಅಲ್ಲಿಂದ ಶುರುವಾಯಿತು ನೋಡಿ. 22 ಆದ ತಕ್ಷಣ ಆಫ್. ಸ್ವಲ್ಪ ಹೊತ್ತಿಗೆ ಆನ್. ಆನ್ ಆದರೂ ಉರಿ ಹತ್ತುವುದಿಲ್ಲ. ಸುಮ್ನೆ ಫ್ಯಾನ್ ಊದುತ್ತಾ ಕೂರುತ್ತದೆ, ಏನೋ ಅಲಾರ್ಮ್ ತೋರಿಸುತ್ತದೆ. ಆಮೇಲೆ ಒಮ್ಮೊಮ್ಮೆ ಹತ್ತುತ್ತದೆ, ಒಮ್ಮೊಮ್ಮೆ ಇಲ್ಲ. ನಿನ್ನೆ ರಾತ್ರಿ ಐದು ಸಲ ಎದ್ದಿದ್ದೇನೆ. ಥರ್ಮೋಸ್ಟಾಟ್ ಕೆಟ್ಟಿದೆಯಾ? ಬೇರೆ ತರಲಾ? ಅವ್ವ ಬೇರೆ "ಇದನ್ನ ಮಾರಿ ಒಂದು ಶೇಗಡಿ ತಾ" ಅಂತ ಶುರು ಮಾಡಿದ್ದಾರೆ.

ಗಾಣದಹೊಗೆ, ಮುಧೋಳ | 7:02

ಯಾವ ಪೆಲೆಟ್ ಹಾಕುತ್ತೀರಿ? ಮೊದಲು ಅದು ಹೇಳಿ. ಉರಿ ಹತ್ತುವುದಿಲ್ಲ ಅಂದರೆ ನೂರಕ್ಕೆ ತೊಂಬತ್ತು ಪಾಲು ಪೆಲೆಟ್ಟೇ.

ತಂಪುಮನೆ | 7:15

ಉದ್ಯಮಬಾಗ್ ಹತ್ತಿರ ಬಾಯ್ಲರ್‌ಗೆ ಕೊಡುವವರಿಂದ ತಂದಿದ್ದು. 8 ಎಂಎಂ. ಕಂದು ಬಣ್ಣ.

ಗಾಣದಹೊಗೆ | 7:21

ಸಿಕ್ಕಿತು ನೋಡಿ ಕಳ್ಳ! ಆ ಇಟಲಿ ಸ್ಟವ್‌ಗಳು 6 ಎಂಎಂ ಕಟ್ಟಿಗೆ ಪೆಲೆಟ್‌ಗೆ ಮಾಡಿದ್ದು. ಯುರೋಪಿನ ಎ1 ದರ್ಜೆ ಪೆಲೆಟ್‌ನಲ್ಲಿ ಬೂದಿ ನೂರಕ್ಕೆ 0.7ರ ಒಳಗೇ ಇರಬೇಕು. ನಮ್ಮ ಕಡೆ ಸಿಗುವುದರಲ್ಲಿ ಶೇಂಗಾ ಸಿಪ್ಪೆ, ಹತ್ತಿ ಕಡ್ಡಿ, ಕಬ್ಬಿನ ಸಿಪ್ಪೆ ಎಲ್ಲ ಸೇರಿರುತ್ತದೆ, ಬೂದಿ ಅದರ ಹಲವು ಪಟ್ಟು. ಬೂದಿ ಕರಗಿ ಗಟ್ಟಿಯಾಗಿ, ಪೆಲೆಟ್ ಉರಿಯುವ ಬಟ್ಟಲು ಇದೆಯಲ್ಲ, ಆ ಬರ್ನ್ ಪಾಟ್‌ನ ತೂತು ಮುಚ್ಚುತ್ತದೆ. ಗಾಳಿ ಇಲ್ಲ, ಉರಿ ಇಲ್ಲ. ಪಾಟ್ ತೆಗೆದು ನೋಡಿ, ಬೆಲ್ಲದ ಅಚ್ಚಿನ ಹಾಗೆ ಕರಿ ಬಿಲ್ಲೆ ಕೂತಿರುತ್ತದೆ.

ಕೋಟೆಕೆರೆ, ಬೆಳಗಾವಿ | 8:30

ಬೂದಿ ಇರಬಹುದು, ಆದರೆ ಥರ್ಮೋಸ್ಟಾಟ್ ಹಾಕುವ ಮುಂಚೆ ಅದೇ ಪೆಲೆಟ್‌ನಲ್ಲಿ ಚೆನ್ನಾಗಿ ಉರಿಯುತ್ತಿತ್ತು ಅಂದರಲ್ಲ? ಎಸ್‌ಟಿಸಿಯ ಎಫ್2 (ಆಫ್ ಆಗಿ ಮತ್ತೆ ಆನ್ ಆಗಲು ಎಷ್ಟು ಡಿಗ್ರಿ ಇಳಿಯಬೇಕು ಅನ್ನುವ ಸೆಟ್ಟಿಂಗ್) ಎಷ್ಟಿದೆ? ಅದು ಬರುವಾಗ 0.5 ಇರುತ್ತದೆ. ಅಂದರೆ 22ಕ್ಕೆ ನಿಂತು 21.5ಕ್ಕೇ ಮತ್ತೆ ಎದ್ದೇಳುತ್ತದೆ. ಫ್ರಿಜ್‌ಗೆ, ಮೀನಿನ ತೊಟ್ಟಿಗೆ ಸರಿ. ಸ್ಟವ್‌ಗೆ ಸಾಲದು. 2ಕ್ಕೆ ಮಾಡಿ. ಎಫ್3, ಅಂದರೆ ಮತ್ತೆ ಆನ್ ಆಗುವ ಮುಂಚೆ ತಡೆಯುವ ಸಮಯ, ಅದನ್ನೂ 10 ನಿಮಿಷ ಮಾಡಿ.

ಮಲ್ಟಿಮೀಟರ್, ಬಾಗಲಕೋಟೆ | 8:52

ಎಫ್2 ಸರಿ. ಎಫ್3 ಮುಟ್ಟಿ ಪ್ರಯೋಜನವಿಲ್ಲ, ಅದು ಫ್ರಿಜ್ ಕಂಪ್ರೆಸರ್ ತಕ್ಷಣ ಮತ್ತೆ ಆನ್ ಆಗದಂತೆ ತಡೆಯಲಿಕ್ಕೆ ಇರುವುದು.

ತಂಪುಮನೆ | ರಾತ್ರಿ 9:40

ಪಾಟ್ ತೆಗೆದು ನೋಡಿದೆ. ಬಿಲ್ಲೆ ಇತ್ತು, ಒಪ್ಪುತ್ತೇನೆ. ಕೆರೆದು ತೆಗೆದೆ. ಕೈ, ಮುಖ ಎಲ್ಲ ಮಸಿ. ಎಫ್2 2 ಮಾಡಿದೆ. ಆನ್-ಆಫ್ ಕಮ್ಮಿ ಆಗಿದೆ, ಆದರೆ ಅದೇ ಕಥೆ. ಆನ್ ಆದ ಮೇಲೆ ಅಲಾರ್ಮ್.

ಗಾಣದಹೊಗೆ | 9:48

ಒಂದು ಸಲ ಕೆರೆದರೆ ಸಾಲದು. ದಿನಾ ಕೆರೆಯಬೇಕು. ಇಲ್ಲ ಅಂದರೆ ಸಾಮಿಲ್ ಹೊಟ್ಟಿನ ಪೆಲೆಟ್ ತನ್ನಿ. ನಾನು ಗಾಣದ ಮನೆಯಲ್ಲಿ ಒಲೆ ನೋಡುತ್ತಾ ಬೆಳೆದವನು. ಕಬ್ಬಿನ ಸಿಪ್ಪೆ ಒಣಗಿದ್ದರೆ ಅದರಷ್ಟು ಒಳ್ಳೆ ಉರಿ ಇಲ್ಲ, ಶೇಂಗಾ ಸಿಪ್ಪೆ ಮಾತ್ರ ಬೇಡ.

ದ್ರಾಕ್ಷಿಶೆಡ್, ತಿಕೋಟಾ | 10:05

ಶೇಂಗಾ ಸಿಪ್ಪೆಗೆ ಯಾಕ್ರೀ ಬೈತೀರಿ? ನಾನು ಮೂರು ವರ್ಷದಿಂದ ಅದನ್ನೇ ಸುಡುತ್ತಿದ್ದೇನೆ. ಆಮೇಲೆ ಬೆಳಗಾವಿಯವರಿಗೆ ಹೀಟರ್ ಯಾಕೆ ಬೇಕು ಅಂತ ನಮಗೆ ಮೊದಲಿನಿಂದಲೂ ಅರ್ಥ ಆಗಿಲ್ಲ. ನಮ್ಮ ವಿಜಯಪುರದ ಬಿಸಿಲು ಒಂದು ಟ್ರಕ್ ಕಳಿಸಲಾ?

ಕೋಟೆಕೆರೆ | 10:11

ಕಳಿಸಿ, ಏಪ್ರಿಲ್‌ನದ್ದು ಮಾತ್ರ ನಿಮಗೇ ಇರಲಿ.

ಗಾಣದಹೊಗೆ | 10:14

ನಿಮ್ಮದು ದೊಡ್ಡ ಬರ್ನರ್ ಇರಬೇಕು, ಅದು ಏನು ಹಾಕಿದರೂ ತಿನ್ನುತ್ತದೆ. ಇದು ಮನೆ ಸ್ಟವ್. ಎರಡಕ್ಕೂ ಹೋಲಿಕೆ ಬೇಡ.

ತಂಪುಮನೆ | 10:30

ಸಿಪ್ಪೆ ಜಗಳ ಆಮೇಲೆ ಆಡಿ ಪ್ಲೀಸ್. ಸೆನ್ಸರ್ ವೈರ್ ಗಿಡ್ಡ ಇತ್ತು, ಎರಡು ಮೀಟರ್ ಸ್ಪೀಕರ್ ವೈರ್ ಸೇರಿಸಿ ಅವ್ವನ ಮಂಚದ ಹತ್ತಿರ ತಂದಿದ್ದೇನೆ. ಅದರಿಂದ ರೀಡಿಂಗ್ ತಪ್ಪುತ್ತಿರಬಹುದಾ?

ದ್ರಾಕ್ಷಿಶೆಡ್ | 10:36

ಅದೇ ಅದೇ! ವೈರ್ ಜೋಡಿಸಿದರೆ ರೀಡಿಂಗ್ ಕೆಡುತ್ತದೆ. ನಮ್ಮ ಶೆಡ್‌ನಲ್ಲಿ ಮಾಮೂಲಿ ವೈರ್ ಸೇರಿಸಿ ಆರೇಳು ಡಿಗ್ರಿ ತಪ್ಪು ತೋರಿಸಿತ್ತು.

ಮಲ್ಟಿಮೀಟರ್ | 10:50

ನಿಮ್ಮದು ಥರ್ಮೋಕಪಲ್ (ಎರಡು ಬೇರೆ ಲೋಹದ ತಂತಿ ಸೇರಿಸಿದ ಸೆನ್ಸರ್) ಇರಬೇಕು, ಅದಕ್ಕೆ ಅದರದೇ ವೈರ್ ಬೇಕು. ಇವರದು 10 ಕಿಲೋ ಓಮ್ ಎನ್‌ಟಿಸಿ, ಬಿಸಿ ಏರಿದರೆ ಓಮ್ ಇಳಿಯುವ ಸೆನ್ಸರ್. ಕೋಣೆಯ ಬಿಸಿಯಲ್ಲಿ ಒಂದು ಡಿಗ್ರಿ ಬದಲಾದರೆ ಸುಮಾರು 400 ಓಮ್ ಬದಲಾಗುತ್ತದೆ. ಎರಡು ಮೀಟರ್ ಸ್ಪೀಕರ್ ವೈರ್ ಒಂದು ಓಮ್ ಕೂಡ ಇರುವುದಿಲ್ಲ. ಜಾಯಿಂಟ್ ಗಟ್ಟಿ ಇದ್ದರೆ ಸಾಕು, ಅದನ್ನು ಮರೆತುಬಿಡಿ.

ತಂಪುಮನೆ, ಒಂದು ಕೇಳುತ್ತೇನೆ. ಥರ್ಮೋಸ್ಟಾಟ್ ಆಫ್ ಮಾಡಿದಾಗ ಸ್ಟವ್ ಹೇಗೆ ಆಫ್ ಆಗುತ್ತದೆ? ನಿಧಾನಕ್ಕಾ, ಒಮ್ಮೆಗೇನಾ?

ತಂಪುಮನೆ | 11:02

ಟಕ್ ಅಂತ ಆಫ್. ಡಿಸ್ಪ್ಲೇ ಕೂಡ ಕತ್ತಲೆ. ಸ್ವಲ್ಪ ಹೊಗೆ ವಾಸನೆ ಬರುತ್ತದೆ, ಅದು ಹೊಸದಾಗಿ ಕೂರಿಸಿದ್ದಕ್ಕೆ ಅಂತ ಎಲೆಕ್ಟ್ರಿಷಿಯನ್ ಹೇಳಿದ.

ಮಲ್ಟಿಮೀಟರ್ | 11:04

ಡಿಸ್ಪ್ಲೇ ಕತ್ತಲೆ ಅಂದರಾ?? ಸ್ಟವ್‌ನ ಪ್ಲಗ್ ಎಲ್ಲಿದೆ? ಗೋಡೆಯ ಸಾಕೆಟ್‌ನಲ್ಲಾ, ಥರ್ಮೋಸ್ಟಾಟ್ ಬಾಕ್ಸ್‌ನಲ್ಲಾ?

ತಂಪುಮನೆ | 11:09

ಬಾಕ್ಸ್‌ನಲ್ಲೇ. ಮತ್ತೆ ಬೇರೆ ಹೇಗೆ ಮಾಡುತ್ತಾರೆ? ಮೊಟ್ಟೆ ಇನ್‌ಕ್ಯುಬೇಟರ್‌ಗೆ ಮಾಡುವ ಹಾಗೇ ಮಾಡಿದ್ದಾನೆ. ಫೋಟೊ ಹಾಕಿದ್ದೇನೆ.

ಮಲ್ಟಿಮೀಟರ್ | 11:13

ಇವತ್ತು ರಾತ್ರಿ ಹಚ್ಚಬೇಡಿ. ಹಚ್ಚಿದ್ದರೆ ಸ್ಟವ್‌ನದೇ ಬಟನ್‌ನಿಂದ ಆಫ್ ಮಾಡಿ, ಪೂರ್ತಿ ತಣ್ಣಗಾಗುವವರೆಗೆ ಪ್ಲಗ್ ಇರಲಿ. ಥರ್ಮೋಸ್ಟಾಟ್ ನಡುವೆ ಕಟ್ ಮಾಡದಂತೆ ಸೆಟ್ಟಿಂಗ್ 30ಕ್ಕೆ ಏರಿಸಿ ಬಿಡಿ. ಕಿಟಕಿ ತೆಗೆಯಿರಿ. ಅವ್ವ ಬೇರೆ ಕೋಣೆಯಲ್ಲಿ ಮಲಗಲಿ. ಉಳಿದದ್ದು ಬೆಳಿಗ್ಗೆ ಬರೆಯುತ್ತೇನೆ.

ಮಲ್ಟಿಮೀಟರ್ | ಶುಕ್ರವಾರ ಬೆಳಿಗ್ಗೆ 6:45

ಈಗ ಹೇಳುತ್ತೇನೆ. ಗೀಸರ್, ಇನ್‌ಕ್ಯುಬೇಟರ್ ಬಲ್ಬ್, ಇವಕ್ಕೆ ಕರೆಂಟ್ ಕಟ್ ಮಾಡಿದರೆ ಬಿಸಿ ಅಲ್ಲೇ ನಿಲ್ಲುತ್ತದೆ. ಪೆಲೆಟ್ ಸ್ಟವ್‌ನಲ್ಲಿ ಕರೆಂಟ್ ಹೋದರೂ ಪಾಟ್‌ನಲ್ಲಿ ಕೆಂಡ ಇದ್ದೇ ಇರುತ್ತದೆ. ಹೊಗೆಯನ್ನು ಪೈಪ್‌ಗೆ ಎಳೆಯುವುದು ಫ್ಯಾನ್. ನೀವು ಕಟ್ ಮಾಡುವುದು ಅದನ್ನೇ. ಉರಿ ಬದುಕಿದೆ, ಹೊಗೆಗೆ ದಾರಿ ಇಲ್ಲ. ಅದು ಕೋಣೆಗೆ ಬರುತ್ತದೆ. ಅದರ ಜೊತೆ ಕಾರ್ಬನ್ ಮಾನಾಕ್ಸೈಡ್ ಕೂಡ. ಅದಕ್ಕೆ ವಾಸನೆ ಇಲ್ಲ, ಬಣ್ಣ ಇಲ್ಲ, ಮಲಗಿದವರಿಗೆ ಗೊತ್ತೇ ಆಗುವುದಿಲ್ಲ. ಹೊಸದಾಗಿ ಕೂರಿಸಿದ್ದಕ್ಕೆ ಬರುವ ವಾಸನೆ ಒಂದೆರಡು ದಿನ ಬಣ್ಣದ ವಾಸನೆ. ಹೊಗೆ ಅಲ್ಲ.

ಅಲಾರ್ಮ್ ಯಾಕೆ ಬರುತ್ತದೆ ಅಂದರೆ, ಕರೆಂಟ್ ವಾಪಸ್ ಬಂದಾಗ ಸ್ಟವ್‌ಗೆ "ಉರಿಯುತ್ತಿರುವಾಗ ಕರೆಂಟ್ ಹೋಗಿತ್ತು" ಅಂತ ನೆನಪಿರುತ್ತದೆ. ಮೊದಲು ಫ್ಯಾನ್ ಊದಿ ತಣ್ಣಗೆ ಮಾಡಿಕೊಳ್ಳುತ್ತದೆ, ಆಮೇಲೇ ಹೊತ್ತಿಸುವ ಮಾತು. ನಿಮ್ಮ ಸ್ಟವ್ ಕೆಟ್ಟಿಲ್ಲ. ಥರ್ಮೋಸ್ಟಾಟೂ ಕೆಟ್ಟಿಲ್ಲ.

ಸ್ಟವ್ ಹಿಂದೆ ನೋಡಿ. ಪವರ್ ಸಾಕೆಟ್ ಪಕ್ಕದಲ್ಲೋ, ಮುಚ್ಚಳದ ಒಳಗೋ ಎರಡು ಸಣ್ಣ ಸ್ಕ್ರೂ ಇರುವ ಟರ್ಮಿನಲ್ ಇರುತ್ತದೆ. ಟಿಎ ಅಥವಾ ಟಿ-ಆಂಬ್ ಅಂತ ಬರೆದಿರಬಹುದು. ಕೆಲವದರಲ್ಲಿ ಎರಡಕ್ಕೂ ಸೇರಿಸಿ ಒಂದು ಸಣ್ಣ ತಂತಿ ಹಾಕಿರುತ್ತಾರೆ. ಅದೇ ಹೊರಗಿನ ಥರ್ಮೋಸ್ಟಾಟ್‌ನ ಜಾಗ. ಅಲ್ಲಿಗೆ ಬರೀ ಸ್ವಿಚ್ ಬೇಕು, ಕರೆಂಟ್ ಅಲ್ಲ. 230 ವೋಲ್ಟ್ ಕೊಟ್ಟರೆ ಬೋರ್ಡ್ ಹೋಯಿತು ಅಂತಲೇ ತಿಳಿಯಿರಿ. ಅಮೆರಿಕದ ಸ್ಟವ್‌ಗಳಲ್ಲೂ ಹೀಗೇ, ಗೋಡೆ ಥರ್ಮೋಸ್ಟಾಟ್ ವೈರ್‌ನಲ್ಲಿ 24 ವೋಲ್ಟೋ ಅದಕ್ಕಿಂತ ಕಮ್ಮಿಯೋ ಇರುತ್ತದೆ.

ಎಸ್‌ಟಿಸಿಯಲ್ಲಿ 1, 2 ಅದಕ್ಕೆ ಬರುವ ಕರೆಂಟ್. 3, 4 ಸೆನ್ಸರ್. 5, 6 ಹೀಟಿಂಗ್‌ಗೆ ಬರೀ ಸ್ವಿಚ್. ನಿಮ್ಮ ಫೋಟೊದಲ್ಲಿ 1ರಿಂದ 5ಕ್ಕೆ ಒಂದು ಕೆಂಪು ತುಂಡು ವೈರ್ ಲೂಪ್ ಕಾಣುತ್ತದೆ. ಅದನ್ನು ಪೂರ್ತಿ ತೆಗೆಸಿ. 6ರಿಂದ ಸಾಕೆಟ್‌ಗೆ ಹೋದ ವೈರೂ ತೆಗೆಸಿ. ಆಮೇಲೆ 5 ಮತ್ತು 6ರಿಂದ ಎರಡು ತೆಳು ವೈರ್ ಸ್ಟವ್‌ನ ಆ ಟರ್ಮಿನಲ್‌ಗೆ. ಜೋಡಿಸುವ ಮುಂಚೆ ಆ ಎರಡು ವೈರ್‌ನಲ್ಲಿ ಕರೆಂಟ್ ಇಲ್ಲ ಅಂತ ಮೀಟರ್ ಇಟ್ಟು ನೋಡಿ. ಬರೀ ಟೆಸ್ಟರ್ ನಂಬಬೇಡಿ. ಸ್ಟವ್ ಪ್ಲಗ್ ನೇರ ಗೋಡೆಗೆ.

ಗಾಣದಹೊಗೆ | 7:30

ವೈರಿಂಗ್ ಇರಲಿ, ಬಿಲ್ಲೆ ಸಿಕ್ಕಿದ್ದಂತೂ ನಿಜ ಅಲ್ವಾ? ಅದನ್ನೂ ನೆನಪಿಡಿ.

ಕೋಟೆಕೆರೆ | 7:44

ಪೈಪ್ ಹೇಗೆ ಹೊರಗೆ ಬಿಟ್ಟಿದ್ದೀರಿ? ಕಿಟಕಿ ಗಾಜು ತೂತು ಮಾಡಿ ಅಡ್ಡಡ್ಡ ಬಿಟ್ಟಿದ್ದರೆ, ನಮ್ಮ ಊರಲ್ಲಿ ಕರೆಂಟ್ ಹೋದಾಗಲೆಲ್ಲ ಇದೇ ಹೊಗೆ. ಹೊರಗೆ ಟೀ (ಟಿ ಆಕಾರದ ಪೈಪ್ ಜಾಯಿಂಟ್) ಹಾಕಿ ಪೈಪ್ ಒಂದೂವರೆ, ಎರಡು ಮೀಟರ್ ಮೇಲಕ್ಕೆ ಏರಿಸಿ. ಫ್ಯಾನ್ ನಿಂತರೂ ಸ್ವಲ್ಪ ತಾನಾಗಿ ಎಳೆಯುತ್ತದೆ. ಇನ್ವರ್ಟರ್ ಇದ್ದರೆ ಸ್ಟವ್ ಅದರ ಮೇಲೆ ಇರಲಿ. ಆದರೆ ಸೈನ್ ವೇವ್ ಇನ್ವರ್ಟರ್ ಬೇಕು, ಚೌಕಾಕಾರದ್ದರಲ್ಲಿ ಫ್ಯಾನ್ ಮೋಟರ್ ಗುಂಯ್ ಅನ್ನುತ್ತದೆ.

ದ್ರಾಕ್ಷಿಶೆಡ್ | 8:20

ನಮ್ಮ ಶೆಡ್‌ನಲ್ಲಿ ಈ ತಲೆನೋವೇ ಇಲ್ಲ. ಬಿಸಿಯನ್ನು ಸ್ವಲ್ಪ ಸ್ವಲ್ಪವೇ ಹೊಂದಿಸುವ ಪಿಐಡಿ ಕಂಟ್ರೋಲರ್, ಕೆ ಟೈಪ್ ಥರ್ಮೋಕಪಲ್, ಆಗರ್‌ಗೆ (ಇಂಧನ ತಳ್ಳುವ ತಿರುಪು) ಬೇರೆ ಮೋಟರ್, ಬ್ಲೋವರ್‌ಗೆ ಬೇರೆ ಲೈನ್. ಒಣದ್ರಾಕ್ಷಿ ನೆರಳಲ್ಲಿ ಒಣಗಲು ಹದಿನೈದು ದಿನ ಬೇಕು. ನಡುವೆ ಅಕಾಲ ಮಳೆ ಬಂದರೆ ಮಾಲು ಕಪ್ಪಾಗುತ್ತದೆ. ಆಗ ಬಿಸಿ ಗಾಳಿ ಬಿಡುತ್ತೇನೆ. ಒಂದು ಡಿಗ್ರಿ ಆಚೀಚೆ ಆಗುವುದಿಲ್ಲ. ಫೋಟೊ ಹಾಕಲಾ?

ಕೋಟೆಕೆರೆ | 8:24

ಬೇಡ ಅಂದರೆ ಹಾಕದೆ ಇರುತ್ತೀರಾ?

(ದ್ರಾಕ್ಷಿಶೆಡ್ ಆರು ಫೋಟೊ ಸೇರಿಸಿದ್ದಾರೆ)

ತಂಪುಮನೆ | ಶನಿವಾರ ಸಂಜೆ 7:15

ಎಲೆಕ್ಟ್ರಿಷಿಯನ್ ಬಂದಿದ್ದ. "ಎಲ್ಲರೂ ಹೀಗೇ ಮಾಡುತ್ತಾರೆ" ಅಂತ ವಾದ ಮಾಡಿದ. ಅವನ ಎದುರೇ ಮೀಟರ್ ಇಟ್ಟೆ, 5ರಲ್ಲಿ 231 ವೋಲ್ಟ್. ಕೆಂಪು ತುಂಡು ವೈರ್ ಕೈಯಲ್ಲಿ ಹಿಡಿದುಕೊಂಡು ಸುಮ್ಮನಾದ. ಸ್ಟವ್ ಹಿಂದಿನ ತಗಡು ಬಿಚ್ಚಿದರೆ ಟಿಎ ಸಿಕ್ಕಿತು. ಬೆರಳುಗುರಿನಷ್ಟು ತಂತಿ ಹಾಕಿ ಎರಡೂ ಸೇರಿಸಿದ್ದರು. ನೀವು ಹೇಳಿದ ಹಾಗೇ ಮಾಡಿದ್ದೇವೆ. ಅಲಾರ್ಮ್ ಇಲ್ಲ, ಹೊಗೆ ಇಲ್ಲ.

ಈಗ ಹೊಸ ಸಮಸ್ಯೆ. 22 ಆದರೂ ಸ್ಟವ್ ಆಫ್ ಆಗುವುದಿಲ್ಲ. ಉರಿ ಸಣ್ಣದಾಗುತ್ತದೆ ಅಷ್ಟೆ. ಕೋಣೆ ಮೆಲ್ಲಗೆ 25 ಆಗುತ್ತದೆ.

ಮಲ್ಟಿಮೀಟರ್ | 7:40

ಅದು ಸಮಸ್ಯೆ ಅಲ್ಲ, ಅದು ಹಾಗೇ ಕೆಲಸ ಮಾಡುವುದು. ಬಿಸಿ ಸಾಕಾದಾಗ ಕನಿಷ್ಠ ಉರಿಗೆ ಇಳಿಯುತ್ತದೆ. ಮೆನುವಿನಲ್ಲಿ ಸ್ಟ್ಯಾಂಡ್‌ಬೈ ಅಥವಾ ಇಕೋ ಆನ್ ಮಾಡಿದರೆ ತಾನಾಗಿ ಆರುತ್ತದೆ, ಬೇಕಾದಾಗ ಹೊತ್ತಿಕೊಳ್ಳುತ್ತದೆ. ಆದರೆ ಪ್ರತಿ ಸಲ ಹೊತ್ತಿಸುವಾಗ ಇಗ್ನೈಟರ್ ಸವೆಯುತ್ತದೆ. ಬಿಡಿಭಾಗ ಇಲ್ಲಿ ಸುಲಭಕ್ಕೆ ಸಿಗುವುದಿಲ್ಲ. ಕೋಣೆ ಎಷ್ಟು ದೊಡ್ಡದು?

ತಂಪುಮನೆ | 7:52

10 ಅಡಿ, 11 ಅಡಿ. ಹೇಳಿದ್ದೆ ಅಲ್ವಾ?

ಕೋಟೆಕೆರೆ | 7:55

ಎಲ್ಲೂ ಹೇಳಿಲ್ಲ ಮಾರಾಯರೆ.

ಮಲ್ಟಿಮೀಟರ್ | 8:03

ಅಷ್ಟು ಕೋಣೆಗೆ 6 ಕಿಲೋವ್ಯಾಟಾ! ನಮ್ಮ ಚಳಿಗೆ ಒಂದು, ಒಂದೂವರೆ ಕಿಲೋವ್ಯಾಟ್ ಸಾಕು. ಈ ಗಾತ್ರದ ಸ್ಟವ್‌ನ ಅತಿ ಸಣ್ಣ ಉರಿಯೇ ಎರಡರ ಮೇಲೆ ಇರುತ್ತದೆ. ಯಾವ ಥರ್ಮೋಸ್ಟಾಟ್ ಹಾಕಿದರೂ ಅದಕ್ಕಿಂತ ಕೆಳಗೆ ಇಳಿಸಲು ಆಗುವುದಿಲ್ಲ. ಹಾಲ್ ಕಡೆಯ ಬಾಗಿಲು ತೆಗೆದಿಡಿ. ಅಥವಾ ಸ್ಟವ್ ಹಾಲ್‌ಗೇ ಒಯ್ದು ಸೆನ್ಸರ್ ಮಾತ್ರ ಅವ್ವನ ಕೋಣೆಯಲ್ಲಿ ಬಿಡಿ, ಮಂಚದ ಎತ್ತರಕ್ಕೆ, ಕಿಟಕಿಯಿಂದ ದೂರ. ಎರಡನೆಯದೇ ಒಳ್ಳೆಯದು, ಮಲಗುವ ಕೋಣೆಯಲ್ಲಿ ಉರಿಯುವ ಒಲೆ ನನಗೆ ಇಷ್ಟವಿಲ್ಲ. ಕಾರ್ಬನ್ ಮಾನಾಕ್ಸೈಡ್ ಅಲಾರ್ಮ್ ಒಂದು ತನ್ನಿ, ಎಲ್ಲೇ ಇಟ್ಟರೂ.

ತಂಪುಮನೆ | ಮಂಗಳವಾರ ಬೆಳಿಗ್ಗೆ 6:30

ಹಾಲ್‌ಗೆ ಒಯ್ದೆವು. ಪೈಪ್‌ಗೆ ಹೊಸ ತೂತು, ಗೋಡೆ ಗಾರೆ, ಎರಡು ದಿನ ಹೋಯಿತು. ಅಲಾರ್ಮ್ ಆರ್ಡರ್ ಮಾಡಿದ್ದೇನೆ. ನಿನ್ನೆ ರಾತ್ರಿ ಅವ್ವನ ಕೋಣೆ 21ರಿಂದ 22ರ ಒಳಗೇ ಇತ್ತು. ನಾನು ಮೂರು ಸಲ ಎದ್ದು ನೋಡಿದೆ, ಅಭ್ಯಾಸ. ಅವ್ವ ಒಂದು ಸಲವೂ ಏಳಲಿಲ್ಲ.

ಗಾಣದಹೊಗೆ | 6:58

ಒಳ್ಳೆಯದಾಯಿತು. ಪಾಟ್ ಕೆರೆದಿರಾ?

ಮರಿಕೋಳಿ, ಇಂಡಿ | 9:12

ಇದೇ ಎಸ್‌ಟಿಸಿ ಮೊಟ್ಟೆ ಇನ್‌ಕ್ಯುಬೇಟರ್‌ಗೆ ಆಗುತ್ತದಾ? ನನ್ನದು 37.7ಕ್ಕೆ ನಿಲ್ಲುತ್ತಿಲ್ಲ.

ಮಲ್ಟಿಮೀಟರ್ | 9:20

ಆಗುತ್ತದೆ. ಅಲ್ಲಿ ಆ ಕೆಂಪು ಲೂಪ್ ಬೇಕು! ಬೇರೆ ಚರ್ಚೆ ಶುರು ಮಾಡಿ, ಬಲ್ಬ್ ಎಷ್ಟು ವ್ಯಾಟ್, ಎಫ್2 ಎಷ್ಟು, ಪೆಟ್ಟಿಗೆ ಎಷ್ಟು ದೊಡ್ಡದು, ಮೊದಲೇ ಬರೆಯಿರಿ.

ದ್ರಾಕ್ಷಿಶೆಡ್ | 9:31

ಇನ್‌ಕ್ಯುಬೇಟರ್‌ಗೂ ಪಿಐಡಿಯೇ ಸರಿ. ನನ್ನ ಹತ್ತಿರ ಒಂದಿದೆ, ಫೋಟೊ ಹಾಕಲಾ?