‘ಗೊವ್ಳಿಕ್’ ಎಂಬುದಕ್ಕೆ ಕನ್ನಡದಲ್ಲಿ ಏನನ್ನಬೇಕು? ಪಾಲನೆ, ಪೋಷಣೆ, ಮೇಯಿಸು, ಕಾಯು

ಬಳಗದ ಎಲ್ಲರಿಗೂ ಶಿರಸಿಯಿಂದ ನಮಸ್ಕಾರ.

ಹದಿನೈದು ದಿನಗಳಿಂದ ಒಂದೇ ಪದದ ಮುಂದೆ ಕುಳಿತಿದ್ದೇನೆ. ಕಾರವಾರದ ಕಡೆಯ ಒಂದು ಚರ್ಚಿನ ಸ್ಮರಣ ಸಂಚಿಕೆಯ ಕೆಲಸ ಕೈಗೆ ಬಂದಿದೆ. ಅರ್ಧ ಕೊಂಕಣಿ, ಅರ್ಧ ಕನ್ನಡ. ಕೊಂಕಣಿ ಬರಹಗಳನ್ನು ಕನ್ನಡಕ್ಕೆ ತರುವುದು, ಕನ್ನಡದವನ್ನು ತಿದ್ದುವುದು ನನ್ನ ಪಾಲಿನ ಕೆಲಸ. ನಾನು ಕ್ರೈಸ್ತನಲ್ಲ. ನನ್ನ ಕೊಂಕಣಿಯೂ ಕಾರವಾರದಲ್ಲಿ ನೌಕರಿಯಲ್ಲಿದ್ದಾಗ ಮೀನುಪೇಟೆಯಲ್ಲಿ, ಬಸ್‌ ನಿಲ್ದಾಣದಲ್ಲಿ ಕಿವಿಗೆ ಬಿದ್ದು ಬಾಯಿಗೆ ಬಂದದ್ದು. ಆದ್ದರಿಂದ ಕೆಳಗೆ ಬರೆದದ್ದರಲ್ಲಿ ತಪ್ಪು ಕಂಡವರು ಸಂಕೋಚಪಡದೆ ತಿದ್ದಿರಿ.

ಸಂಚಿಕೆಯಲ್ಲಿ ಪುಟಕ್ಕೆರಡು ಸಲ ಬರುವ ಪದ ‘ಗೊವ್ಳಿಕ್’. ಗೊವ್ಳಿಕ್ ಪರಿಷದ್, ಗೊವ್ಳಿಕ್ ಸೇವೆ, ಗೊವ್ಳಿಕ್ ಭೇಟಿ ಹೀಗೆ. ಮೂಲದಲ್ಲಿರುವುದು ‘ಗೊವ್ಳಿ’, ಅಂದರೆ ಕುರಿ ಕಾಯುವವನು. ಕೊಂಕಣಿ ಕ್ರೈಸ್ತರ ಬಾಯಲ್ಲಿ ಯೇಸು ‘ಬರೊ ಗೊವ್ಳಿ’, ಒಳ್ಳೆಯ ಕುರಿಗಾಹಿ. ಭಕ್ತರನ್ನು ಹಿಂಡೆಂದು ಭಾವಿಸಿ ಅವರ ಆತ್ಮದ ಹಸಿವು, ಕಾಯಿಲೆ, ದಾರಿ ತಪ್ಪುವಿಕೆ ಇವನ್ನೆಲ್ಲ ನೋಡಿಕೊಳ್ಳುವ ಕೆಲಸ ಗೊವ್ಳಿಕ್. ಪ್ರವಚನ ಮಾಡುವುದು, ಪಾಪನಿವೇದನೆ ಕೇಳುವುದು, ಹಾಸಿಗೆ ಹಿಡಿದವರಿಗೆ ಪರಮಪ್ರಸಾದ ಒಯ್ಯುವುದು, ಜಗಳವಾಡಿದ ಅಣ್ಣತಮ್ಮಂದಿರನ್ನು ಕೂರಿಸಿ ಮಾತನಾಡಿಸುವುದು ಎಲ್ಲವೂ ಅದರೊಳಗೆ.

ಹಾಗೆಯೇ ಇಟ್ಟುಬಿಡೋಣ, ಕೊಂಕಣಿ ಪದವೇನು ಅನ್ಯಗ್ರಹದ್ದಲ್ಲ ಎಂದು ಮೊದಲು ಅಂದುಕೊಂಡೆ. ಆದರೆ ಸಂಚಿಕೆ ಘಟ್ಟದ ಮೇಲಿನ ಹಳಿಯಾಳ, ಯಲ್ಲಾಪುರ, ಮುಂಡಗೋಡಕ್ಕೂ ಹೋಗುತ್ತದೆ. ಅಲ್ಲಿ ‘ಗೌಳಿ’ ಎಂದರೆ ಕಾಡಂಚಿನಲ್ಲಿ ಎಮ್ಮೆ ಕಟ್ಟಿಕೊಂಡು ಹಾಲು ಮಾರುವ ದನಗರ ಗೌಳಿಗರು. ‘ಚರ್ಚಿನ ಗೌಳಿಕ ಪರಿಷತ್ತು’ ಎಂದು ಅಚ್ಚಾದರೆ ಯಲ್ಲಾಪುರದ ಓದುಗ ಅದನ್ನು ಹಾಲು ಉತ್ಪಾದಕರ ಸಂಘವೆಂದೇ ತಿಳಿದಾನು. ಎರಡೂ ಪದಗಳ ಬೇರು ಒಂದೇ ಇರಬೇಕು, ಗೋಪಾಲ. ಕರಾವಳಿಯಲ್ಲಿ ಅದು ಬೈಬಲ್ಲಿನ ಕುರಿಯ ಬೆನ್ನು ಹತ್ತಿತು, ಘಟ್ಟದ ಮೇಲೆ ಎಮ್ಮೆಯ ಜೊತೆಗೇ ಉಳಿಯಿತು.

ಸರಿ, ಕನ್ನಡದ ಕ್ರೈಸ್ತ ಬರಹಗಳಲ್ಲಿ ಏನಿದೆ ಎಂದು ನೋಡಿದೆ. ಕೆಥೋಲಿಕ ಚರ್ಚಿನ ಎರಡನೆಯ ವ್ಯಾಟಿಕನ್ ಮಹಾಸಭೆಯ (1962-65) ತರುವಾಯ ಪೂಜೆ ಲ್ಯಾಟಿನ್ನಿನಿಂದ ಜನರ ಭಾಷೆಗೆ ಬಂತು, ಅದರ ಹಿಂದೆಯೇ ಆಡಳಿತದ ಪದಗಳೂ ಬಂದವು. ಕೆಥೋಲಿಕರ ಕನ್ನಡದಲ್ಲಿ ಬಿಷಪ್ಪರು ಧರ್ಮಾಧ್ಯಕ್ಷರು, ಅವರ ಸೀಮೆ ಧರ್ಮಪ್ರಾಂತ್ಯ (ಕಾರವಾರದ್ದು ಬೇರೆಯಾದದ್ದು 1976ರಲ್ಲಿ), ಒಂದೊಂದು ಚರ್ಚಿನ ವ್ಯಾಪ್ತಿ ಧರ್ಮಕೇಂದ್ರ, ಅದರ ಸಮಿತಿ ಪಾಲನಾ ಮಂಡಳಿ. ಉಡುಪಿ, ಮಂಗಳೂರು ಕಡೆಯ ಪತ್ರಿಕೆಗಳಲ್ಲಿ ‘ಪಾಲನಾ ಮಂಡಳಿಯ ಉಪಾಧ್ಯಕ್ಷ’ ಎಂಬುದನ್ನು ನೀವೂ ಓದಿರುತ್ತೀರಿ. ಧರ್ಮಕೇಂದ್ರ ಎಂದಾಗಲೆಲ್ಲ ನನಗೆ ಪ್ರಾಥಮಿಕ ಆರೋಗ್ಯ ಕೇಂದ್ರ ನೆನಪಾಗುತ್ತದೆ, ಕ್ಷಮಿಸಿ. ಅದೇ ಅರ್ಥದ ಕೊಂಕಣಿ ಪದ ‘ಫಿರ್ಗಜ್’ ಪೋರ್ಚುಗೀಸಿನಿಂದ ಬಂದದ್ದು. ಅದರ ಬುಡದಲ್ಲಿರುವ ಲ್ಯಾಟಿನ್ ಮಾತಿನ ಅರ್ಥ ‘ಚರ್ಚಿನ ಮಗ’. ತಮಾಷೆಯೆಂದರೆ ಅದೇ ಬೇರಿನ ಪದಕ್ಕೆ ಇಂದಿನ ಪೋರ್ಚುಗೀಸಿನಲ್ಲಿ ಅಂಗಡಿಯ ಗಿರಾಕಿ ಎಂಬ ಅರ್ಥವೂ ಇದೆ. ಮಗನೋ ಗಿರಾಕಿಯೋ ಎಂಬುದನ್ನು ಆಯಾ ಊರಿನವರು ತೀರ್ಮಾನಿಸಲಿ.

ಪ್ರೊಟೆಸ್ಟೆಂಟರಲ್ಲಿ ‘ಸಭಾಪಾಲಕ’ ಎಂಬ ಪದವಿದೆ. ಬೈಬಲ್ಲಿನಲ್ಲಿ ಎಫೆಸದವರಿಗೆ ಬರೆದ ಪತ್ರದ ನಾಲ್ಕನೆಯ ಅಧ್ಯಾಯದಲ್ಲಿ ಬರುವ ಪದ ಅದು. ಅಲ್ಲಿ ಗ್ರೀಕಿನಲ್ಲಿರುವುದು ‘ಪೊಯ್ಮೇನ್’. ಯೋಹಾನನ ಸುವಾರ್ತೆಯ ಹತ್ತನೆಯ ಅಧ್ಯಾಯದಲ್ಲಿ ಯೇಸು ತನ್ನನ್ನು ಒಳ್ಳೆಯ ಕುರುಬ ಎಂದುಕೊಳ್ಳುವಾಗಲೂ ಇರುವುದು ಅದೇ ‘ಪೊಯ್ಮೇನ್’. ಒಂದೇ ಪದ. ಕುರಿಯ ಜೊತೆ ನಿಂತಾಗ ಕನ್ನಡದಲ್ಲಿ ಕುರುಬ, ಮನುಷ್ಯರ ಜೊತೆ ನಿಂತಾಗ ಸಭಾಪಾಲಕ. ಅನುವಾದಕರು ಅಲ್ಲಿ ಕಂಬಳಿ ಕಳಚಿ ಶಾಲು ಹೊದಿಸಿದ್ದಾರೆ ಎಂದು ನನಗೆ ಅನಿಸುತ್ತದೆ. ಲ್ಯಾಟಿನ್ನಿನ ‘ಪಾಸ್ಟರ್’ ಹಾಗೆ ಮಾಡಲಿಲ್ಲ. ಅದು ಮೇಯಿಸು ಎಂಬ ಧಾತುವಿನಿಂದಲೇ ಹುಟ್ಟಿದ್ದು, ಪಾಸ್ಟರ್ ಎಂದರೆ ನೇರವಾಗಿ ಮೇಯಿಸುವವನು. ಇಂದು ಕನ್ನಡದಲ್ಲಿ ಪಾಸ್ಟರ್ ಎಂದು ಕರೆಯುವವರಲ್ಲಿ ಎಷ್ಟು ಮಂದಿಗೆ ಅದರಲ್ಲಿ ಹುಲ್ಲಿನ ವಾಸನೆ ಬಡಿಯುತ್ತದೋ ತಿಳಿಯದು.

ಇನ್ನು ‘ಪಾಲಕ’. ನಮ್ಮ ಶಿರಸಿಯಲ್ಲಿ ಶಾಲೆಯಿಂದ ‘ಪಾಲಕರ ಸಭೆ’ಗೆ ಕರೆ ಬರುತ್ತದೆ, ಮಕ್ಕಳ ತಂದೆತಾಯಿಯರು ಹೋಗುತ್ತಾರೆ. ಬೆಂಗಳೂರು, ಮೈಸೂರಿನಲ್ಲಿ ಅದೇ ‘ಪೋಷಕರ ಸಭೆ’. ನೋಡಿ, ಚರ್ಚಿನವರಿಗೆ ಬೇಕಾದ ಎರಡೂ ಪದಗಳನ್ನು ಶಾಲೆಯವರು ಆಗಲೇ ಹಂಚಿಕೊಂಡುಬಿಟ್ಟಿದ್ದಾರೆ. ಕರಡಿನಲ್ಲಿ ‘ಸಭಾಪಾಲಕರು ಮತ್ತು ಪಾಲಕರ ಸಭೆ’ ಎಂಬ ಶೀರ್ಷಿಕೆ ಕಂಡು ಒಂದು ಗಳಿಗೆ ತಲೆ ತಿರುಗಿತು. ಇತ್ತ ಪೋಷಕ ಎಂದರೆ ಹಣ ಕೊಟ್ಟವರು ಎಂಬ ಅರ್ಥವೂ ಇದೆ. ಸಂಚಿಕೆಯ ಕೊನೆಯ ಪುಟದಲ್ಲಿ ‘ಮಹಾಪೋಷಕರು’ ಎಂಬ ಪಟ್ಟಿ ಈಗಾಗಲೇ ಇದೆ. ಅದಕ್ಕೂ ಆತ್ಮದ ಪೋಷಣೆಗೂ ಸಂಬಂಧವಿಲ್ಲ.

‘ಪಾಲಿಸು’ವಿನಲ್ಲಿ ಇನ್ನೂ ಒಂದು ತೊಡಕು. ರಾಜ ಪ್ರಜೆಗಳನ್ನು ಪಾಲಿಸುತ್ತಾನೆ, ಪ್ರಜೆ ರಾಜನ ಆಜ್ಞೆಯನ್ನು ಪಾಲಿಸುತ್ತಾನೆ. ಈಗ ಎರಡನೆಯದೇ ಹೆಚ್ಚು ಚಾಲ್ತಿಯಲ್ಲಿದೆ. ಸಂಚಾರ ನಿಯಮ ಪಾಲಿಸಿ, ಸಮಯ ಪಾಲಿಸಿ. ಪಾಲನಾ ಮಂಡಳಿ ಎಂದರೆ ಯಾರೋ ನಿಯಮ ಪಾಲಿಸುತ್ತಾರೋ ಇಲ್ಲವೋ ನೋಡುವ ಮಂಡಳಿಯಂತೆ ಕೇಳಿಸುತ್ತದೆ. ರಾಜ್ಯಪಾಲ, ನಗರಪಾಲಿಕೆ ಇವುಗಳ ಗಾಳಿಯೂ ಅದಕ್ಕೆ ಸೋಕಿದೆ. ಊಟದ ವಾಸನೆ ಮಾತ್ರ ಇಲ್ಲ.

ಊಟವೇ ಇಲ್ಲಿ ಮುಖ್ಯ ಎಂದು ನನಗೆ ಮನವರಿಕೆಯಾದದ್ದು ಯೋಹಾನನ ಕೊನೆಯ ಅಧ್ಯಾಯವನ್ನು ಓದಿದಾಗ. ಯೇಸುವಿನ ಶಿಷ್ಯ ಪೇತ್ರ ಮತ್ತು ಸಂಗಡಿಗರು ರಾತ್ರಿಯಿಡೀ ಬಲೆ ಬೀಸಿ ಬರಿಗೈಯಲ್ಲಿ ಬರುತ್ತಾರೆ. ಬೆಳಗಿನ ಜಾವ ದಡದಲ್ಲಿ ನಿಂತ ಯೇಸು ಬಲಗಡೆ ಬಲೆ ಹಾಕಲು ಹೇಳುತ್ತಾನೆ, 153 ಮೀನು ಸಿಗುತ್ತವೆ. ದಡಕ್ಕೆ ಬಂದರೆ ಅಲ್ಲಿ ಕೆಂಡದ ಮೇಲೆ ಮೀನು, ಪಕ್ಕದಲ್ಲಿ ರೊಟ್ಟಿ. ಮೊದಲು ಊಟ. ಉಂಡಾದ ಮೇಲೆಯೇ ಪೇತ್ರನಿಗೆ ಮೂರು ಸಲ ಪ್ರಶ್ನೆ, ನನ್ನನ್ನು ಪ್ರೀತಿಸುತ್ತೀಯಾ ಎಂದು. ಮೂರು ಸಲವೂ ಒಂದು ಅಪ್ಪಣೆ. ಕನ್ನಡ ಬೈಬಲ್ಲಿನಲ್ಲಿ ಅವು ‘ನನ್ನ ಕುರಿಮರಿಗಳನ್ನು ಮೇಯಿಸು’, ‘ನನ್ನ ಕುರಿಗಳನ್ನು ಕಾಯಿ’, ‘ನನ್ನ ಕುರಿಗಳನ್ನು ಮೇಯಿಸು’. ಗ್ರೀಕಿನಲ್ಲಿಯೂ ಹಾಗೆಯೇ ‘ಬೊಸ್ಕೆ’, ‘ಪೊಯ್ಮಾಯ್ನೆ’, ಮತ್ತೆ ‘ಬೊಸ್ಕೆ’. ಮೊದಲನೆಯದು ಮೇವು ಉಣಿಸುವುದು, ನಡುವಿನದು ಹಿಂಡನ್ನು ನಡೆಸಿ ಕಾಯುವುದು. ಈ ಮಾತನ್ನು ಕಾರವಾರದ ಬೈತಖೋಲ ಮೀನುಗಾರಿಕೆ ಬಂದರಿನಲ್ಲಿ ಹೇಳಿ ನೋಡಿ, ಯಾರಾದರೂ ಕೇಳಿಯೇ ಕೇಳುತ್ತಾರೆ: ಜೀವಮಾನವೆಲ್ಲ ಮೀನು ಹಿಡಿದವನಿಗೆ ಕುರಿ ಯಾಕೆ ಕೊಟ್ಟರು?

ಆದರೆ ‘ಮೇಯಿಸು’ ಎಂಬುದನ್ನು ಮನುಷ್ಯರಿಗೆ ಹೇಗೆ ಬಳಸುವುದು? ಕನ್ನಡದಲ್ಲಿ ಮನುಷ್ಯ ಮೇಯ್ದರೆ ಅದು ಬೈಗುಳ. ಮದುವೆಮನೆಯಲ್ಲಿ ಚೆನ್ನಾಗಿ ಮೇಯ್ದು ಬಂದ ಎನ್ನುತ್ತೇವೆ. ಬೇಲಿಯೇ ಎದ್ದು ಹೊಲ ಮೇಯ್ದಂತೆ ಎನ್ನುತ್ತೇವೆ. ಈ ಗಾದೆ ಬೈಬಲ್ಲಿಗೆ ಹೊರಗಿನದೂ ಅಲ್ಲ. ಪ್ರವಾದಿ ಯೆಹೆಜ್ಕೇಲನ ಗ್ರಂಥದ 34ನೆಯ ಅಧ್ಯಾಯ ಶುರುವಾಗುವುದೇ ಅದೇ ಸಿಟ್ಟಿನಿಂದ: ಕುರಿಯ ಹೊಟ್ಟೆ ನೋಡದೆ ತಮ್ಮ ಹೊಟ್ಟೆ ಹೊರೆದುಕೊಂಡ, ಕೊಬ್ಬು ತಿಂದು ಉಣ್ಣೆ ಹೊದ್ದ ಕುರುಬರ ಮೇಲೆ. ಸಂಚಿಕೆಯ ಒಂದು ಲೇಖನದಲ್ಲಿ ‘ನಮ್ಮ ಗುರುಗಳು ನಮ್ಮನ್ನು ಹತ್ತು ವರ್ಷ ಮೇಯಿಸಿದರು’ ಎಂದಿತ್ತು. ಬರೆದವರ ಭಕ್ತಿಯಲ್ಲಿ ಸಂಶಯವಿಲ್ಲ, ಆದರೆ ಓದಿದವರು ನಗದೆ ಇರಲಾರರು. ‘ಸಲಹಿದರು’ ಎಂದು ತಿದ್ದಿದೆ.

ಸಲಹು ನನಗೆ ಬಹಳ ಹಿಡಿಸಿತು. ಸಾಕಿ ಸಲಹುವುದು ಎಂದರೆ ಉಣಿಸುವುದೂ ಹೌದು, ಕಾಪಾಡುವುದೂ ಹೌದು. ಕ್ರಿಯಾಪದವಾಗಿ ಸೊಗಸು. ನಾಮಪದ ಮಾಡಲು ಹೋದರೆ ಕೆಟ್ಟಿತು: ‘ಸಲಹುವ ಮಂಡಳಿ’ಯನ್ನು ಡಿಟಿಪಿಯವರು ಎರಡು ಬಾರಿ ‘ಸಲಹಾ ಮಂಡಳಿ’ ಎಂದು ಸರಿಪಡಿಸಿ ಕಳಿಸಿದರು. ಅರಬ್ಬಿ ಮೂಲದ ಸಲಹೆಗೂ ನಮ್ಮ ಸಲಹುವಿಗೂ ನಂಟಿಲ್ಲ. ಇದನ್ನು ಫೋನಿನಲ್ಲಿ ವಿವರಿಸಿ ಸೋತೆ.

‘ಕುರುಬ’ ಎಂಬ ಪದದ ಬಗ್ಗೆಯೂ ಒಂದು ಮಾತು. ಕನ್ನಡದಲ್ಲಿ ಪೂರ್ಣ ಬೈಬಲ್ ಮೊದಲು ಅಚ್ಚಾದದ್ದು 1831ರಲ್ಲಿ, ಜಾನ್ ಹ್ಯಾಂಡ್ಸ್ ಎಂಬ ಮಿಷನರಿಯ ಬಳ್ಳಾರಿಯಲ್ಲಿ. ಬಯಲುಸೀಮೆಯಲ್ಲಿ ಕುರಿ ಎಂದರೆ ಕುರುಬ, ಕಂಬಳಿ, ಹಟ್ಟಿ ಎಲ್ಲವೂ ಕಣ್ಣೆದುರಿಗೇ. ಆ ಪದ ನಮ್ಮ ಬೈಬಲ್ಲಿನಲ್ಲಿ ಗಟ್ಟಿಯಾಗಿ ನಿಂತದ್ದಕ್ಕೆ ಆ ನೆಲವೂ ಕಾರಣವಿರಬಹುದು ಎಂಬುದು ನನ್ನ ಊಹೆ. ದಾವೀದನ ಕೀರ್ತನೆಯ ‘ಯೆಹೋವನು ನನಗೆ ಕುರುಬನು, ಕೊರತೆಪಡೆನು’ ಎಂಬ ಸಾಲಿನ ಬಿಗಿ ನನಗೆ ಇಷ್ಟ. ಆದರೆ ಇಂದಿನ ಓದುಗನಿಗೆ ಕುರುಬ ಎಂದೊಡನೆ ಒಂದು ಸಮುದಾಯದ ಹೆಸರು ಮುಂದೆ ಬರುತ್ತದೆ, ಕಸುಬು ಹಿಂದೆ ಬೀಳುತ್ತದೆ. ಕೆಥೋಲಿಕ ಅನುವಾದದವರು ‘ಕುರಿಗಾಹಿ’ ಎಂದರು, ಒಳ್ಳೆಯದನ್ನೇ ಮಾಡಿದರು. ಹನ್ನೆರಡನೆಯ ಶತಮಾನದ ತುರುಗಾಹಿ ರಾಮಣ್ಣನ ಹೆಸರಿನಲ್ಲಿ ಇರುವ ‘ಕಾಹಿ’ಯೇ ಇದು. ದನ ಕಾದವನೂ ವಚನಕಾರನಾದ ಭಾಷೆಯಲ್ಲಿ ಕಾಹಿಗೆ ಕೀಳರಿಮೆ ಬೇಕಿಲ್ಲ. ಶಾಲೆಯ ಮೇಷ್ಟರು ‘ದನ ಕಾಯಲು ಹೋಗು’ ಎಂದು ಬೈದದ್ದನ್ನು ಮರೆತರಾಯಿತು.

ಇಲ್ಲಿಗೆ ಬಂದಾಗ ನನಗೊಂದು ಹೊಳೆಯಿತು, ಅದನ್ನು ಹೇಳಲೆಂದೇ ಈ ಪತ್ರ. ದನ ಕಾಯಲು ಹೋದವನು ನಿಜವಾಗಿ ಮಾಡುವುದೇನು? ಬೆಟ್ಟಕ್ಕೆ ಹೊಡೆದುಕೊಂಡು ಹೋಗಿ ಮೇಯಿಸಿಕೊಂಡು ಬರುತ್ತಾನೆ. ‘ಮೇಯಿಸುವುದು’ ಎಂದು ಬಿಡಿಸಿ ಹೇಳುವುದೇ ಬೇಡ, ಕಾಯುವುದರಲ್ಲೇ ಅದು ಬಂತು. ಹುಲ್ಲುಗಾವಲು ಎಂಬ ಪದವನ್ನೇ ನೋಡಿ. ಹುಲ್ಲಿರುವ ಜಾಗಕ್ಕೆ ನಾವು ಇಟ್ಟ ಹೆಸರು ಕಾವಲು. ಮೈಸೂರು ಸೀಮೆಯ ಅಮೃತಮಹಲ್ ಕಾವಲುಗಳೂ ದನ ಮೇಯುವ ಜಾಗಗಳೇ. ದಾವೀದನ ಆ ಕೀರ್ತನೆಯ ಮುಂದಿನ ಸಾಲಿನಲ್ಲಿ ಬರುವುದೂ ‘ಹಸುರುಗಾವಲು’. ಮೇವು ಮತ್ತು ಕಾಪು ಎರಡನ್ನೂ ಕನ್ನಡ ಒಂದೇ ಧಾತುವಿನಲ್ಲಿ ಕಟ್ಟಿಟ್ಟಿದೆ. ಗ್ರೀಕಿನವರು ಎರಡು ಕ್ರಿಯಾಪದಗಳಲ್ಲಿ ಹೇಳಿದ್ದನ್ನು ಹೊರಲು ನಮ್ಮ ‘ಕಾಯು’ ಒಂದೇ ಸಾಕು. (ಸಾಕು ಎಂದಾಗ ಇನ್ನೊಂದು: ಸಾಕುವುದಕ್ಕೂ ಕೊರತೆಯಿಲ್ಲ ಎನ್ನುವುದಕ್ಕೂ ನಮ್ಮಲ್ಲಿ ಒಂದೇ ಉಲಿ. ಭಾಷಾಶಾಸ್ತ್ರ ಬಲ್ಲವರು ಇದು ಕಾಕತಾಳೀಯ ಎನ್ನಬಹುದು, ನಾನು ವಾದಿಸುವುದಿಲ್ಲ.)

ತೊಡಕಿಲ್ಲವೆಂದಲ್ಲ. ಕಾಯುವುದು ಎಂದರೆ ಈಗ ಬಸ್ಸಿಗೆ ಕಾಯುವುದು. ‘ಫಾದರ್ ನಮ್ಮನ್ನು ಕಾಯುತ್ತಾರೆ’ ಎಂದರೆ ಅವರು ಚರ್ಚಿನ ಬಾಗಿಲಲ್ಲಿ ಗಡಿಯಾರ ನೋಡುತ್ತ ನಿಂತ ಚಿತ್ರವೂ ಬರುತ್ತದೆ. ‘ಕಾವಲು ಸಮಿತಿ’ಯಂತೂ ಲಾಠಿ ಹಿಡಿದು ಬಂದೀತು.

ಈ ಚರ್ಚಿನಲ್ಲಿ ಮಕ್ಕಳಿಗೆ ಧರ್ಮೋಪದೇಶ ಕಲಿಸುವ ಹಿರಿಯ ಮಹಿಳೆಯೊಬ್ಬರನ್ನು ಕೇಳಿದೆ, ನೀವು ಏನನ್ನುತ್ತೀರಿ ಎಂದು. ಅವರು ಸ್ವಲ್ಪ ಯೋಚಿಸಿ, ನಾವು ಪದ ಹುಡುಕುವುದಿಲ್ಲ, ‘ಪಾದ್ರಿಗಳು ಮನೆಗೆ ಬಂದಿದ್ದರು’ ಎನ್ನುತ್ತೇವೆ, ಅಷ್ಟೇ ಎಂದರು. ಗೊವ್ಳಿಕ್ ಭೇಟಿಗೆ ಇದಕ್ಕಿಂತ ಒಳ್ಳೆಯ ಕನ್ನಡ ನನಗೆ ಹೊಳೆದಿಲ್ಲ. ಆ ಶೀರ್ಷಿಕೆಯನ್ನು ‘ಮನೆಭೇಟಿ’ ಎಂದು ಬದಲಾಯಿಸಿದ್ದೇನೆ.

ಚಿಕ್ಕ ಪ್ರಶ್ನೆಗಳು ಎರಡು ಉಳಿದಿವೆ. ಕರಪತ್ರಗಳಲ್ಲಿ ‘ಆತ್ಮೀಯ ಆಹಾರ’ ಎಂದು ಕಾಣುತ್ತೇನೆ. ಆತ್ಮಿಕ ಎಂದಿರಬೇಕಾದದ್ದು ಹೀಗಾಗಿದೆ ಎಂದು ನನ್ನ ಎಣಿಕೆ, ಏಕೆಂದರೆ ಆತ್ಮೀಯ ಎಂದರೆ ನಮಗೆ ಆಪ್ತ. ಇದು ತಪ್ಪೇ ಅಥವಾ ಕ್ರೈಸ್ತ ಕನ್ನಡದಲ್ಲಿ ರೂಢಿಯಾಗಿ ನೆಲೆನಿಂತ ಬಳಕೆಯೇ? ಹಾಗೆಯೇ ಕೊಂಕಣಿಯ ‘ಭಾವಾರ್ಥಿ’, ಅಂದರೆ ನಂಬಿದವನು. ಭಾವಾರ್ಥ ಎಂದೊಡನೆ ಪದ್ಯದ ಸಾರಾಂಶ ಬರೆಯಲು ಪೆನ್ನು ತೆಗೆಯುವ ನಮಗೆ ಅದು ಆಗದು. ‘ವಿಶ್ವಾಸಿ’ ಎಂದಿಟ್ಟಿದ್ದೇನೆ. ‘ಭಕ್ತ’ ಸಾಲದೇ?

ಸದ್ಯ ಸಮಿತಿಯ ಹೆಸರನ್ನು ‘ಪಾಲನಾ ಮಂಡಳಿ’ ಎಂದೇ ಬಿಟ್ಟಿದ್ದೇನೆ, ಅದು ಅವರ ಮೊಹರಿನಲ್ಲೇ ಇದೆ. ಲೇಖನಗಳ ಒಳಗೆ ಮಾತ್ರ ಕಾಯು, ಸಲಹು, ಉಣಿಸು ಎಂದು ಸಂದರ್ಭ ನೋಡಿ ತಿದ್ದುತ್ತಿದ್ದೇನೆ. ಹಳಿಯಾಳ, ಮುಂಡಗೋಡ ಕಡೆಯವರು, ಅದರಲ್ಲೂ ಮನೆಯಲ್ಲಿ ಕೊಂಕಣಿಯಾಡಿ ಚರ್ಚಿನಲ್ಲಿ ಕನ್ನಡ ಓದುವವರು, ನಿಮ್ಮಲ್ಲಿ ಯಾವ ಪದ ಬಾಯಿಗೆ ಬರುತ್ತದೆ ಎಂದು ತಿಳಿಸಿದರೆ ಉಪಕಾರ. ಎರಡನೆಯ ಕರಡು ಮುಂದಿನ ಗುರುವಾರ ಅಚ್ಚಿಗೆ ಹೋಗುತ್ತದೆ.