ಶಾಲೆ ಲ್ಯಾಬಿಗೆ ಕನ್ನಡ ಫಾಂಟ್: ಪೆನ್‌ಡ್ರೈವ್ ಸಾಕಾ, ಡೆಬಿಯನ್‌ಗೆ ಸೇರಿಸಬೇಕಾ?

ಕುಂಬಳೆಯವ: ಕಾಸರಗೋಡಿನ ನಮ್ಮ ಕನ್ನಡ ಮಾಧ್ಯಮ ಶಾಲೆಗಳ ಲ್ಯಾಬಲ್ಲಿ ಇರುವುದು ಉಬುಂಟು ಆಧರಿಸಿದ ಕೈಟ್ ಲಿನಕ್ಸ್, ಕೇರಳದ ಶಾಲೆಗಳ ಆಪರೇಟಿಂಗ್ ಸಿಸ್ಟಮ್. ಚಿಕ್ಕ ಮಕ್ಕಳಿಗೆಂದು ನಿವೃತ್ತ ಮೇಷ್ಟ್ರೊಬ್ಬರು ದುಂಡನೆಯ ಫಾಂಟ್ ಮಾಡಿದ್ದಾರೆ. ಸಿದ್ಧ ಫಾಂಟಿನ ಟಿಟಿಎಫ್ ಫೈಲನ್ನು ಒಂದು ಡೆಬ್ ಪ್ಯಾಕೇಜಿಗೆ (ಇನ್‌ಸ್ಟಾಲ್ ಮಾಡುವ ಫೈಲಿಗೆ) ತುಂಬಿ ಪೆನ್‌ಡ್ರೈವಲ್ಲಿ ಹಂಚೋಣ ಅಂತಿದ್ದೇನೆ. ಉಬುಂಟುವಿಗೆ ಮೂಲವಾದ ಡೆಬಿಯನ್ ಲಿನಕ್ಸ್‌ಗೇ ಕಳಿಸು ಅಂತಾರೆ ಕೆಲವರು. ಅಷ್ಟೆಲ್ಲ ಬೇಕಾ?

ಬದಿಯಡ್ಕ ಮೇಷ್ಟ್ರು: ಬೇಡ. ಜೂನ್‌ನಲ್ಲಿ ಶಾಲೆ ಶುರು. ಡೆಬಿಯನ್‌ಗೆ ಹೊಸ ಪ್ಯಾಕೇಜ್ ಅಂದರೆ ಮೊದಲು ಐಟಿಪಿ ಬಗ್ (ಪ್ಯಾಕೇಜ್ ಮಾಡುತ್ತೇನೆ ಎಂಬ ಸೂಚನೆ) ಹಾಕಬೇಕು, ನಮ್ಮ ಪರವಾಗಿ ಅಪ್‌ಲೋಡ್ ಮಾಡುವ ಸ್ಪಾನ್ಸರ್ ಹುಡುಕಬೇಕು, ಆಮೇಲೆ ಹೊಸ ಪ್ಯಾಕೇಜ್‌ಗಳ ಪರಿಶೀಲನೆಯ ನ್ಯೂ ಕ್ಯೂನಲ್ಲಿ ಕಾಯಬೇಕು. ತಿಂಗಳುಗಟ್ಟಲೆ ಆಗಬಹುದು. ಫಾಂಟ್ ಹೋಗಿ ಕೂರುವುದು ಒಂದು ಫೋಲ್ಡರಿನಲ್ಲಿ, ಅಷ್ಟೇ ಅಲ್ವಾ?

ಎಣ್ಮಕಜೆ: ಹಾಕುವುದು ಸುಲಭ, ಮೇಷ್ಟ್ರೇ. ನಾಳೆ ತಿದ್ದುವುದು ಹೇಗೆ? ಅರ್ಕಾವೊತ್ತು ಪಕ್ಕದ ಅಕ್ಷರದ ಮೇಲೆ ಬಿದ್ದರೆ ಬರೀ ಟಿಟಿಎಫ್ ಇಟ್ಟುಕೊಂಡು ಒದ್ದಾಡಬೇಕು. ಫಾಂಟ್ ರಚಿಸುವ ತಂತ್ರಾಂಶ ಫಾಂಟ್‌ಫೋರ್ಜ್‌ನ ಎಸ್ಎಫ್‌ಡಿ ಫೈಲ್, ಅಂದರೆ ತಿದ್ದಬಹುದಾದ ಮೂಲ, ಬೇಕು. ಡೆಬಿಯನ್ ಕೇಳುವುದೂ ಅದನ್ನೇ: ಮೂಲ ಕೊಡಿ, ಅದರಿಂದಲೇ ಕಟ್ಟಿ (ಬಿಲ್ಡ್ ಮಾಡಿ). ಪ್ಯಾಕೇಜ್ ಕಟ್ಟುವ ಎಸ್‌ಬಿಲ್ಡ್ ಎಂಬ ಸಾಧನ ಪ್ರತಿಸಲ ಮೂಲ ಸಾಧನಗಳಷ್ಟೇ ಇರುವ ಖಾಲಿ ಸಿಸ್ಟಮ್ ಎಬ್ಬಿಸಿ, ಪ್ಯಾಕೇಜಿನ ವಿವರವಿರುವ ಕಂಟ್ರೋಲ್ ಫೈಲಿನ ಬಿಲ್ಡ್-ಡಿಪೆಂಡ್ಸ್‌ನಲ್ಲಿ (ಕಟ್ಟಲು ಬೇಕಾದವುಗಳ ಪಟ್ಟಿ) ಬರೆದದ್ದನ್ನು ಮಾತ್ರ ತಂದು ಕಟ್ಟುತ್ತದೆ. ಆ ಪಟ್ಟಿಯಲ್ಲಿ ಫಾಂಟ್‌ಫೋರ್ಜ್ ಹೆಸರು ಬರೆಯದೆ ಬಿಟ್ಟರೆ ಅದು ಮೊದಲೇ ಇರುವ ನಿಮ್ಮ ಲ್ಯಾಪ್‌ಟಾಪಲ್ಲಿ ಕಟ್ಟುತ್ತದೆ, ಎಸ್‌ಬಿಲ್ಡ್‌ನಲ್ಲಿ ನಿಲ್ಲುತ್ತದೆ. ಈ ಶಿಸ್ತು ಇದ್ದರೆ ಐದು ವರ್ಷ ಕಳೆದು ಬೇರೆ ಯಾರಾದರೂ ಅದನ್ನು ಮತ್ತೆ ಕಟ್ಟಬಹುದು. ನಾವು ಊರಲ್ಲಿರಲಿ, ಬಿಡಲಿ.

ಬದಿಯಡ್ಕ ಮೇಷ್ಟ್ರು: ಮಾತು ಸರಿ. ಆದರೆ ಮಕ್ಕಳು ಕಾಯುವುದಿಲ್ಲ.

ಮಂಜೇಶ್ವರ: ಕಾಯುವುದು ಬೇಡ. ಈಗಲೇ ಮೂಲದಿಂದ ಸರಿಯಾಗಿ ಕಟ್ಟಿ ಪೆನ್‌ಡ್ರೈವಲ್ಲಿ ಹಂಚಿ, ಜೊತೆಗೆ ಡೆಬಿಯನ್‌ಗೂ ಕಳಿಸಿ. ಫಾಂಟ್ ಆದ್ದರಿಂದ ಆರ್ಕಿಟೆಕ್ಚರ್ (ಪ್ರೊಸೆಸರ್ ಬಗೆ) 'ಆಲ್', ಒಂದೇ ಡೆಬ್ ಎಲ್ಲ ಯಂತ್ರಗಳಿಗೂ ಸಾಕು. ಡೆಬಿಯನ್‌ನಲ್ಲಿ ಇಡಬೇಕೆಂದಿರುವ ಹೆಸರನ್ನೇ ಇಡಿ. ವರ್ಷನ್ ಮಾತ್ರ ೧.೦-೦~ಕೆಎಸ್‌ಡಿ೧ ಅಂತ ಹಾಕಿ. ಆ ತರಂಗ ಗುರುತು (~) ಇದ್ದರೆ ಪ್ಯಾಕೇಜ್ ಇನ್‌ಸ್ಟಾಲ್ ಮಾಡುವ ಡಿಪಿಕೆಜಿ ಅದನ್ನು ಕೆಳಗಿನ ವರ್ಷನ್ ಅಂತ ಎಣಿಸುತ್ತದೆ. ಮುಂದೆ ಡೆಬಿಯನ್‌ನ ೧.೦-೧ ಬಂದಾಗ ತಾನಾಗಿ ಅಪ್‌ಗ್ರೇಡ್ ಆಗುತ್ತದೆ. ಹೊಸ ಪ್ಯಾಕೇಜ್‌ಗಳು ಮೊದಲು ಬರುವ ಡೆಬಿಯನ್ ಅನ್‌ಸ್ಟೇಬಲ್‌ಗೆ ಸೇರಿದ್ದನ್ನು ಉಬುಂಟು ಎಳೆದುಕೊಳ್ಳುತ್ತದೆ. ಉಬುಂಟುವಿನ ಎಲ್‌ಟಿಎಸ್ (ದೀರ್ಘಕಾಲ ಬೆಂಬಲವಿರುವ ಆವೃತ್ತಿ) ಬರುವುದು 2 ವರ್ಷಕ್ಕೊಮ್ಮೆ, ಏಪ್ರಿಲ್‌ನಲ್ಲಿ. ಅದರ ಮೇಲೆ ಕಟ್ಟುವ ಶಾಲೆ ಸಿಸ್ಟಮಿಗೂ ಸಿಗುತ್ತದೆ. ಮಲಯಾಳದ ಫಾಂಟ್‌ಗಳು ಡೆಬಿಯನ್‌ನಲ್ಲಿ ಇವೆ. ಕನ್ನಡದ ಗುಬ್ಬಿ, ನವಿಲು ಕೂಡ ಇವೆ. ಡೆಬಿಯನ್‌ನವರ ವಾರ್ಷಿಕ ಸಮ್ಮೇಳನ ಡೆಬ್‌ಕಾನ್ಫ್ 2023ರಲ್ಲಿ ಕೊಚ್ಚಿಯಲ್ಲೇ ನಡೆಯಿತು, ಕೇಳಿದರೆ ಕೇರಳದಲ್ಲೇ ಸ್ಪಾನ್ಸರ್ ಸಿಗಬಹುದು.

ಬದಿಯಡ್ಕ ಮೇಷ್ಟ್ರು: ಹಾಗಾದರೆ ನನ್ನ ತಕರಾರಿಲ್ಲ. ನಮ್ಮ ಲ್ಯಾಬಲ್ಲಿ ಮೊದಲು ಹಾಕಿ ನೋಡುತ್ತೇನೆ.

ಎಣ್ಮಕಜೆ: ಅದಕ್ಕೂ ಮೊದಲು ಒಂದು ಕೇಳಬೇಕು. ಲೈಸೆನ್ಸ್ ಏನು? ಲೈಸೆನ್ಸ್ ಬರೆಯುವ ಕಾಪಿರೈಟ್ ಫೈಲ್ ಖಾಲಿ ಬಿಟ್ಟರೆ ಡೆಬಿಯನ್ ಒಪ್ಪುವುದಿಲ್ಲ. ಪೆನ್‌ಡ್ರೈವಲ್ಲಿ ಹಂಚಲಿಕ್ಕೂ ಮಾಡಿದವರ ಅನುಮತಿ ಬೇಕಲ್ವಾ.

ಕುಂಬಳೆಯವ: ಅವರು ಬಾಯಿಮಾತಲ್ಲಿ 'ಹಂಚಿ' ಅಂದಿದ್ದಾರೆ, ಬರೆದು ಕೊಟ್ಟಿಲ್ಲ. ಯಾರು ಬೇಕಾದರೂ ಬಳಸಿ, ತಿದ್ದಿ, ಹಂಚಲು ಬಿಡುವ ಓಪನ್ ಫಾಂಟ್ ಲೈಸೆನ್ಸ್ ಏನೆಂದು ಕನ್ನಡದಲ್ಲಿ ವಿವರಿಸಿ, ಅವರು ಒಪ್ಪಿದರೆ ಸಹಿ ಪಡೆಯುತ್ತೇನೆ. ಎಸ್ಎಫ್‌ಡಿ ಫೈಲನ್ನೂ ಕೇಳಿ ತರುತ್ತೇನೆ. ಕಂಟ್ರೋಲ್ ಫೈಲ್ ಬರೆದು ಇಲ್ಲಿ ಹಾಕುತ್ತೇನೆ, ಎಣ್ಮಕಜೆಯವರು ನೋಡಿಕೊಡಿ.