ಅಪ್ಪ ಬೆಳೆಸಿದ ಆಲೂಗೆಡ್ಡೆ ತಳಿ: ಹೇಗೆ ಬರೆದಿಡೋದು, ಹೇಗೆ ಕಾಪಾಡೋದು?

ತಾಳವಾಡಿಯಿಂದ:

ಎಲ್ಲರಿಗೂ ನಮಸ್ಕಾರ. ನಮ್ಮದು ಈರೋಡ್ ಜಿಲ್ಲೆಯ ತಾಳವಾಡಿ ಹತ್ತಿರದ ಊರು. ಏಳು ವರ್ಷದ ಹಿಂದೆ ಅಪ್ಪ ಊಟಿ ಕಡೆಯ ನೆಂಟರ ಹೊಲದಿಂದ ಆಲೂಗೆಡ್ಡೆ ಗಿಡದ ಕಾಯಿ ತಂದಿದ್ದರು. ಗೆಡ್ಡೆ ಅಲ್ಲ. ಹೂವು ಉದುರಿದ ಮೇಲೆ ಹಸಿರು ಟೊಮೆಟೊ ಥರ ಕಟ್ಟುತ್ತಲ್ಲ, ಆ ಕಾಯಿ. ಗಿಡ ಕುಫ್ರಿ ಜ್ಯೋತಿ ಅನ್ನೋ ತಳಿಯದ್ದು, ಪಕ್ಕದ ಸಾಲಲ್ಲಿ ಬೇರೆ ತಳಿಗಳೂ ಇದ್ದವಂತೆ. ಬೀಜ ತೆಗೆದು ಒಟ್ಲು ಹಾಕಿದರು. ಅರವತ್ತು ಚಿಲ್ಲರೆ ಸಸಿ ಬಂದವು, ಒಂದರ ಹಾಗೆ ಇನ್ನೊಂದಿಲ್ಲ. ವರ್ಷ ವರ್ಷ ಆರಿಸಿ ಕೊನೆಗೆ ಒಂದನ್ನು ಉಳಿಸಿಕೊಂಡರು. ಬಿಳಿ ಸಿಪ್ಪೆ, ಕಣ್ಣಿನ ಸುತ್ತ ಮಾತ್ರ ಗುಲಾಬಿ. ಅಂಗಮಾರಿ ಬಂದ ವರ್ಷ ಬೇರೆ ಗಿಡ ಕರಟಿ ಹೋದರೂ ಇದು ಹಸಿರಾಗೇ ನಿಂತಿತ್ತು.

ಈ ಸಲ ಹತ್ತು ಸೆಂಟಿಗೆ ಹಾಕಿದ್ದೆವು. ಇನ್ನೂ ಮಾರಿಲ್ಲ. ಮೇಟುಪಾಳ್ಯದ ಮಂಡಿಯವರೊಬ್ಬರು ಬಿತ್ತನೆಗೆ ಹತ್ತು ಮೂಟೆ ಕೇಳುತ್ತಿದ್ದಾರೆ. ಇದು ಅಪ್ಪನ ತಳಿ ಅಂತ ದಾಖಲೆ ಆಗಬೇಕು ಅಂತ ನನ್ನ ಆಸೆ. ಮೊದಲು ಏನು ಮಾಡಬೇಕು? ಅನುಭವ ಇದ್ದವರು ದಯವಿಟ್ಟು ಹೇಳಿ.

ಡೆಂಕಣಿಕೋಟೆಯಿಂದ:

ತಮ್ಮಾ, ಮೊದಲು ಆ ಹತ್ತು ಮೂಟೆ ಕೊಡಬೇಡ. ನಮ್ಮ ಅಣ್ಣ ಒಂದು ಬೀನ್ಸ್ ತಳಿ ಆರಿಸಿ ಇಟ್ಟುಕೊಂಡಿದ್ದ. ಒಂದು ಬೀಜದ ಅಂಗಡಿಯವರು ಎರಡು ಕೆ.ಜಿ. ಕೇಳಿದರು, ಕೊಟ್ಟ. ಮೂರು ವರ್ಷಕ್ಕೆ ಅದೇ ಬೀಜ ಪ್ಯಾಕೆಟ್‌ನಲ್ಲಿ ಬೇರೆ ಹೆಸರಲ್ಲಿ ಬಂತು. ಕೇಳೋಕೆ ಹೋದರೆ ‘ಇದು ನಿಮ್ಮದೇ ಅನ್ನೋದಕ್ಕೆ ಏನಿದೆ?’ ಅಂದರು. ನಿಜವಾಗಿಯೂ ನಮ್ಮ ಹತ್ತಿರ ಏನೂ ಇರಲಿಲ್ಲ. ಒಂದು ಫೋಟೋ ಇಲ್ಲ, ಒಂದು ಸಾಲು ಬರೆದಿಟ್ಟಿರಲಿಲ್ಲ. ಅಣ್ಣ ಆಮೇಲೆ ಬೀನ್ಸ್ ಹಾಕೋದನ್ನೇ ಬಿಟ್ಟ. ಇವತ್ತೇ ಒಂದು ನೋಟ್‌ಬುಕ್ ತಗೋ. ಅಪ್ಪನ ನೆನಪಲ್ಲಿ ಇರೋದನ್ನೆಲ್ಲ ವರ್ಷದ ಲೆಕ್ಕದಲ್ಲಿ ಬರೆಸು. ತಾಯಿ ಗಿಡ ಗೊತ್ತು, ತಂದೆ ಗಿಡ ಗೊತ್ತಿಲ್ಲ ಅಂದರೆ ಹಾಗೇ ಬರಿ.

ಊಟಿಯಲ್ಲಿರುವ ತಾಳವಾಡಿಯವರು:

ನಾನು ಆಲೂಗೆಡ್ಡೆ ತಳಿ ಪರೀಕ್ಷೆಯ ತಾಕುಗಳಲ್ಲಿ ಕೆಲಸ ಮಾಡಿದ್ದೇನೆ. ಗೊತ್ತಿರೋದು ಹೇಳುತ್ತೇನೆ.

ತಳಿ ನೋಂದಣಿಗೆ ಮೂರು ವಿಷಯ ನೋಡುತ್ತಾರೆ. ಬೇರೆ ಎಲ್ಲ ತಳಿಗಿಂತ ಯಾವುದಾದರೂ ಒಂದು ಗುಣದಲ್ಲಾದರೂ ಸ್ಪಷ್ಟವಾಗಿ ಬೇರೆ ಇರಬೇಕು. ತಾಕಿನ ಗಿಡಗಳೆಲ್ಲ ಒಂದೇ ಥರ ಇರಬೇಕು. ಮತ್ತೆ ಮತ್ತೆ ಬೆಳೆದರೂ ಹಾಗೇ ಬರಬೇಕು. ಇಳುವರಿ ಜಾಸ್ತಿ, ರುಚಿ ಚೆನ್ನಾಗಿದೆ ಅನ್ನೋದು ಈ ಲೆಕ್ಕಕ್ಕೆ ಬರೋದಿಲ್ಲ. ಅಲ್ಲೇ ತುಂಬಾ ಜನ ತಪ್ಪುತ್ತಾರೆ. ಎರಡು ಪುಟ ಇಳುವರಿ ಬರೆದು, ಹೂವಿನ ಬಣ್ಣ ಬರೆಯೋದೇ ಇಲ್ಲ.

ಆಲೂಗೆಡ್ಡೆಯಲ್ಲಿ ತಳಿ ಗುರುತಿಗೆ ಮೊಳಕೆ ಬಹಳ ಮುಖ್ಯ. ಹತ್ತು ಗೆಡ್ಡೆ ಆರಿಸಿ, ಬಿಸಿಲು ಬೀಳದ, ಮಂದ ಬೆಳಕು ಇರುವ ಕಡೆ ತಟ್ಟೆಯಲ್ಲಿ ಇಡಿ. ಕತ್ತಲಲ್ಲಿ ಇಟ್ಟರೆ ಮೊಳಕೆ ಬೆಳ್ಳಗೆ ಉದ್ದ ಹೋಗಿ ಗುರುತೇ ಸಿಗೋದಿಲ್ಲ. ಬೆಳಕಲ್ಲಾದರೆ ಗಿಡ್ಡಗೆ, ದಪ್ಪಗೆ ಬರುತ್ತೆ. ಆಮೇಲೆ ಲೆನ್ಸ್ ಹಿಡಿದು ನೋಡಿ. ಮೊಳಕೆ ಗುಂಡಗಿದೆಯೋ, ಶಂಕುವಿನ ಹಾಗಿದೆಯೋ, ಕೊಳವೆ ಥರ ಇದೆಯೋ? ಬುಡದ ಬಣ್ಣ ಕೆಂಪು ನೇರಳೆಯೋ, ನೀಲಿ ನೇರಳೆಯೋ? ಬುಡದಲ್ಲಿ ರೋಮ ಎಷ್ಟು? ತುದಿ ಮುಚ್ಚಿಕೊಂಡಿದೆಯೋ, ಬಿಚ್ಚಿದೆಯೋ? ನಾನು ಮೊದಲ ಸಲ ನೋಡಿದಾಗ ಎರಡು ಬಿಳಿ ಗೆಡ್ಡೆಗಳು ಹೊರಗೆ ಅಣ್ಣ-ತಮ್ಮನ ಹಾಗಿದ್ದವು. ಮೊಳಕೆ ನೋಡಿದರೆ ಒಂದರ ಬುಡ ನೇರಳೆ ಹಣ್ಣಿನ ಬಣ್ಣ, ಇನ್ನೊಂದರದ್ದು ಬರೀ ಹಸಿರು. ಆವತ್ತಿಂದ ನನಗೆ ಗೆಡ್ಡೆಗಿಂತ ಮೊಳಕೆ ಮೇಲೇ ನಂಬಿಕೆ.

ಆಮೇಲೆ ಕಾಂಡದ ಬಣ್ಣ, ಎಲೆ, ಹೂವು, ಗೆಡ್ಡೆಯ ಆಕಾರ, ಕಣ್ಣಿನ ಆಳ, ಒಳಗಿನ ತಿರುಳಿನ ಬಣ್ಣ, ಗಿಡ ಮಾಗುವ ಕಾಲ. ಇದನ್ನೆಲ್ಲ ಒಂಟಿಯಾಗಿ ಬರೆಯಬೇಡಿ. ಪಕ್ಕದಲ್ಲಿ ಕುಫ್ರಿ ಜ್ಯೋತಿ ಸಾಲು ಹಾಕಿ, ಒಂದೇ ದಿನ ನೆಟ್ಟು, ಎರಡನ್ನೂ ಒಟ್ಟಿಗೆ ಫೋಟೋ ತೆಗೆಯಿರಿ.

ಇನ್ನೊಂದು ಮಾತು. ಊಟಿ ಕಡೆಯಿಂದ ಗೆಡ್ಡೆ ತರದೆ ಕಾಯಿ ತಂದದ್ದು ಅಪ್ಪ ಮಾಡಿದ ಒಳ್ಳೇ ಕೆಲಸ. ಇಲ್ಲಿನ ಮಣ್ಣಲ್ಲಿ ಬೇರು ತಿನ್ನುವ ಜಂತುಹುಳ 1961ರಲ್ಲೇ ಪತ್ತೆಯಾಗಿದೆ. ಗೆಡ್ಡೆಗೆ ಅಂಟಿದ ಮಣ್ಣಿನ ಜೊತೆ ಅದು ಊರೂರಿಗೆ ಹೋಗುತ್ತೆ.

ಕಾಸರಗೋಡಿನಿಂದ:

ನಮ್ಮ ಮಾವನ ಭತ್ತದ ತಳಿಗೆ ಅರ್ಜಿ ಹಾಕಿದವನು ನಾನೇ. ಕಾನೂನಿನ ಭಾಗ ಹೇಳುತ್ತೇನೆ. ಸಸ್ಯ ತಳಿ ಸಂರಕ್ಷಣೆ ಮತ್ತು ರೈತರ ಹಕ್ಕುಗಳ ಕಾಯ್ದೆ 2001ರದ್ದು. ಅದರಡಿ ತಳಿ ನೋಂದಣಿ ಮಾಡುವ ಪ್ರಾಧಿಕಾರದ ಕಚೇರಿ ದೆಹಲಿಯಲ್ಲಿದೆ, ಶಿವಮೊಗ್ಗದಲ್ಲೂ ಒಂದು ಶಾಖೆ ಇದೆ. ಕನ್ನಡದಲ್ಲಿ ಮಾತಾಡಬಹುದಾದ ಕಾರಣ ನಾವು ಅಲ್ಲಿಗೇ ಹೋದದ್ದು. ರೈತರಿಗೆ ಶುಲ್ಕ ಇಲ್ಲ. ರೈತರ ತಳಿ ಅಂತ ಹಾಕುವಾಗ ಪಂಚಾಯತಿನ ಜೀವವೈವಿಧ್ಯ ಸಮಿತಿ ಅಥವಾ ಜಿಲ್ಲಾ ಕೃಷಿ ಅಧಿಕಾರಿಯ ದೃಢೀಕರಣ ಬೇಕು. ಆ ಸಹಿಗೆ ನಾವು ನಾಲ್ಕು ಸಲ ಅಲೆದೆವು. ಅದನ್ನು ಬೇಗ ಶುರು ಮಾಡಿ.

ಹೊಸ ತಳಿ ಅಂತ ಹಾಕುವುದಾದರೆ, ಅರ್ಜಿಗೆ ಒಂದು ವರ್ಷಕ್ಕಿಂತ ಮುಂಚೆ ಅದನ್ನು ಮಾರಿರಬಾರದು. ಬಿತ್ತನೆ ಮಾತ್ರ ಅಲ್ಲ, ಬೆಳೆದ ಗೆಡ್ಡೆ ಮಂಡಿಗೆ ಹಾಕಿದ್ದೂ ಲೆಕ್ಕಕ್ಕೆ ಬರುತ್ತದೆ. ಹಾಗಾಗಿ ಮೊದಲು ಮಾರಿದ ದಿನಾಂಕ ಯಾವತ್ತೂ ಸರಿಯಾಗಿರಬೇಕು. 2019ರಲ್ಲಿ ಪೆಪ್ಸಿಕೋ ಕಂಪನಿ ತನ್ನ ಚಿಪ್ಸ್ ಆಲೂಗೆಡ್ಡೆ ಬೆಳೆದರು ಅಂತ ಗುಜರಾತಿನ ರೈತರ ಮೇಲೆ ಕೇಸು ಹಾಕಿತ್ತಲ್ಲ, ಜನ ತಿರುಗಿ ಬಿದ್ದ ಮೇಲೆ ವಾಪಸ್ ತೆಗೆದುಕೊಂಡಿತು. ಆ ತಳಿಯ ನೋಂದಣಿಯನ್ನು 2021ರಲ್ಲಿ ಪ್ರಾಧಿಕಾರ ರದ್ದು ಮಾಡಿತು, 2024ರಲ್ಲಿ ದೆಹಲಿ ಹೈಕೋರ್ಟ್ ಆ ರದ್ದತಿಯನ್ನು ತೆಗೆದುಹಾಕಿತು. ಅಷ್ಟು ದೊಡ್ಡ ಜಗಳದಲ್ಲೂ ಮೊದಲ ಮಾರಾಟದ ದಿನಾಂಕ ಒಂದು ಮುಖ್ಯ ವಿಷಯ ಆಗಿತ್ತು.

ಸರ್ಟಿಫಿಕೇಟ್ ಮೊದಲು 6 ವರ್ಷಕ್ಕೆ, ನವೀಕರಿಸುತ್ತಾ ಹೋದರೆ ಒಟ್ಟು 15 ವರ್ಷ. ಆದರೆ ಪಕ್ಕದ ಮನೆಯವರು ಅದನ್ನು ಬಿತ್ತುವುದು, ಹಂಚುವುದು, ಮಾರುವುದನ್ನೂ ತಡೆಯೋಕಾಗಲ್ಲ. ಬ್ರಾಂಡ್ ಹಾಕಿ ಬಿತ್ತನೆ ಅಂತ ಮಾರುವಂತಿಲ್ಲ, ಅಷ್ಟೇ. ನನಗಂತೂ ಅದು ನ್ಯಾಯ ಅನಿಸುತ್ತದೆ. ಮಾವನ ಭತ್ತವೂ ಯಾರೋ ಕೊಟ್ಟ ಹಿಡಿ ಬೀಜದಿಂದಲೇ ಬಂದದ್ದು.

ಹೊಸೂರು ಕಡೆಯ ಅಕ್ಕ:

ಬಿತ್ತನೆ ಶುದ್ಧ ಇಟ್ಟುಕೊಳ್ಳಪ್ಪ. ಏಳು ವರ್ಷ ಮನೆ ಗೆಡ್ಡೆಯನ್ನೇ ಹಾಕಿದರೆ ನಂಜು ರೋಗ (ವೈರಸ್) ಸೇರಿಕೊಂಡಿರುತ್ತೆ. ಎಲೆ ಮುಟುರಿದ ಗಿಡ ತಾಕಿನಲ್ಲಿ ಇದ್ದರೆ ಎಲ್ಲ ಗಿಡ ಒಂದೇ ಥರ ಇಲ್ಲ ಅಂತ ಬರೆದುಬಿಡುತ್ತಾರೆ. ಅಂಥ ಗಿಡವನ್ನು ಗೆಡ್ಡೆ ಸಮೇತ ಕಿತ್ತುಹಾಕು. ನಂಜು ಹರಡೋ ಹಸಿರು ಹೇನು ಬಂದರೆ ಬಿಡಬೇಡ. ನಾಲ್ಕು ಒಳ್ಳೇ ಗೆಡ್ಡೆಯನ್ನು ಟಿಶ್ಯೂ ಕಲ್ಚರ್ (ಲ್ಯಾಬಿನಲ್ಲಿ ಚಿಗುರಿನ ತುದಿಯಿಂದ ರೋಗವಿಲ್ಲದ ಸಸಿ ಬೆಳೆಸೋದು) ಮಾಡಿಸೋಕೆ ಸಾಧ್ಯವಾದರೆ ಮಾಡಿಸು.

ತಾಳವಾಡಿಯಿಂದ, ಮತ್ತೆ:

ಎಲ್ಲರಿಗೂ ತುಂಬಾ ಥ್ಯಾಂಕ್ಸ್. ಮಂಡಿಯವರಿಗೆ ಈ ವರ್ಷ ಇಲ್ಲ ಅಂತ ಹೇಳಿಬಿಟ್ಟೆ. ಅಪ್ಪನನ್ನು ಕೂರಿಸಿ ಒಂಬತ್ತು ಪುಟ ಬರೆದೆ. ನನಗೆ ಗೊತ್ತೇ ಇಲ್ಲದ ಒಂದು ವಿಷಯ ಬಂತು. ಎರಡನೇ ವರ್ಷ ಮಳೆಗೆ ತಾಕೆಲ್ಲ ಕೊಳೆತು, ಈ ತಳಿಯದ್ದು ಮೂರೇ ಗೆಡ್ಡೆ ಉಳಿದಿದ್ದವಂತೆ. ಅಮ್ಮ ಅವನ್ನು ರಾಗಿ ಡಬ್ಬದಲ್ಲಿ ಇಟ್ಟಿದ್ದರಂತೆ. ಅದನ್ನೂ ಬರೆದೆ.

ಹತ್ತು ಗೆಡ್ಡೆ ಜಗಲಿಯ ನೆರಳಲ್ಲಿ ತಟ್ಟೆಗೆ ಇಟ್ಟಿದ್ದೇನೆ. ಮೊಳಕೆ ಇನ್ನೂ ಸಾಸಿವೆ ಕಾಳಿನಷ್ಟಿದೆ, ಬುಡ ಗುಲಾಬಿ ಕಾಣುತ್ತಿದೆ. ಪಕ್ಕದ ತಟ್ಟೆಗೆ ಕುಫ್ರಿ ಜ್ಯೋತಿ ತರೋಕೆ ನಾಳೆ ಹೋಗುತ್ತೇನೆ.